ಹೆಣಿಗೆ ಚೀಲ ಹಿಡಿದು ವಿರಾಜಪೇಟೆಯಿಂದ ಕಣ್ಣೂರಿಗೆ

ನಮ್ಮ ಕೊಡಗಿನ ಕಡೆಯ ಹೆಣಿಗೆ ಹುಚ್ಚಿನವರಿಗೆ ಈ ದಾರಿ ಹೇಳಿ ಮಾಡಿಸಿದ್ದು. ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು ಹೊರಟರೆ, ಘಾಟಿ ಇಳಿದು ಕೇರಳದ ಇರಿಟ್ಟಿ ಬರುವಷ್ಟರಲ್ಲಿ ಅದನ್ನು ಬಿಚ್ಚಿ ಮಡಿಚಿಟ್ಟಿರುತ್ತೀರಿ. ಮಧ್ಯೆ ಮಾಕುಟ್ಟದ ಕಾಡು, ಕೊನೆಗೆ ಕಡಲು, ಜೊತೆಗೆ ಹತ್ತಿ ನೂಲು. ಕಾರು ಓಡಿಸುವುದು ನಮ್ಮ ಯಜಮಾನರು, ನಾನು ಹಿಂದಿನ ಸೀಟು.

ನಮ್ಮ ಸುಗ್ಗಿ ಹಬ್ಬ ಹುತ್ತರಿ ಮುಗಿದ ಮೇಲೆ, ರೋಬಸ್ಟಾ ಕಾಫಿ ಕೊಯ್ಲು ಶುರುವಾಗುವ ಮೊದಲು ಹೋಗಿ. ಆಮೇಲೆ ತೋಟ ಬಿಟ್ಟು ಯಾರು ಬರುತ್ತಾರೆ? ಮಳೆಗಾಲದಲ್ಲಂತೂ ಬೇಡ. 2018ರ ಜೂನ್‌ನಲ್ಲಿ ಮಾಕುಟ್ಟ ಘಾಟಿ ಕುಸಿದು ರಸ್ತೆಯೇ ಬಂದ್ ಆಗಿತ್ತು. ಜೋರು ಮಳೆ ಬಂದಾಗ ಈಗಲೂ ಆ ಭಯ ಇದ್ದೇ ಇದೆ.

ಕಾರಿನಲ್ಲಿ ಹೆಣೆಯಲು ಸರ್ಕ್ಯುಲರ್ ಕಡ್ಡಿಯೇ ಸರಿ, ಅಂದರೆ ಬಳುಕುವ ವೈರಿನಿಂದ ಜೋಡಿಸಿದ ಎರಡು ಗಿಡ್ಡ ಕಡ್ಡಿ. ಉದ್ದ ಕಡ್ಡಿ ಪಕ್ಕದವರ ಪಕ್ಕೆಗೆ ತಿವಿಯುತ್ತದೆ. ಮುಂದಿನ ಸೀಟಿನಲ್ಲಿ ಹೆಣೆಯಲೇಬೇಡಿ. ಏರ್‌ಬ್ಯಾಗ್ ತೆರೆದುಕೊಂಡರೆ ಕೈಯಲ್ಲಿರುವ ಕಡ್ಡಿ ಎಲ್ಲಿಗೆ ಹೋಗುತ್ತದೋ ಹೇಳಲಾಗದು. ಪೆರುಂಬಾಡಿ ದಾಟಿದ ಮೇಲೆ ತಿರುವು ಜಾಸ್ತಿ. ಅಲ್ಲಿ ಲೆಕ್ಕ ಇಡಬೇಕಾದ ಡಿಸೈನ್ ಹಿಡಿದು ಕೂತರೆ ಸ್ಟಿಚ್ಚೂ ತಪ್ಪುತ್ತದೆ, ಹೊಟ್ಟೆಯೂ ತೊಳಸುತ್ತದೆ. ಕಣ್ಣು ಹಾಕದೆ ಹೆಣೆಯಬಹುದಾದ ಸಾದಾ ಮಫ್ಲರ್ ಇಟ್ಟುಕೊಳ್ಳಿ, ಎಲ್ಲಾ ಸಾಲೂ ಸೀದಾ ಸ್ಟಿಚ್ಚೇ. ಜಡೆಯಂಥ ಕೇಬಲ್, ತೂತು ತೂತಿನ ಲೇಸ್ ಡಿಸೈನ್ ಎಲ್ಲ ಹೋಟೆಲ್ ರೂಮಿಗೆ.

ಮಾಕುಟ್ಟದಲ್ಲಿ ಅದನ್ನೂ ಚೀಲಕ್ಕೆ ಹಾಕಿಬಿಡಿ. ಬ್ರಹ್ಮಗಿರಿ ಅಭಯಾರಣ್ಯದ ಕಾಡು ಇದು. 1974ರಲ್ಲಿ ಘೋಷಣೆಯಾದದ್ದು, 181 ಚದರ ಕಿಲೋಮೀಟರ್. ಆನೆ, ಕಾಟಿ, ಸಿಂಗಳೀಕ ಎಲ್ಲ ಇವೆ, ಆದರೆ ಎದುರಿಗೆ ಬಂದು ನಿಲ್ಲುತ್ತವೆ ಅಂತ ಕಾಯಬೇಡಿ. ಬೆಳಿಗ್ಗೆ ಮರದ ತುದಿ ನೋಡುತ್ತಾ ಹೋದರೆ ಕೆಂದಳಿಲು ಕಾಣುವ ಸಾಧ್ಯತೆ ಹೆಚ್ಚು. ಬೆನ್ನು ಕಡು ಕೆಂಪು, ಭುಜದ ಹತ್ತಿರ ಕಪ್ಪು, ಹೊಟ್ಟೆ ಕೆನೆ ಬಣ್ಣ. ಬಾಲ ಮೈಗಿಂತ ಉದ್ದ, ಕೊಂಬೆಯಿಂದ ಕೆಳಗೆ ಜೋತು ಬಿದ್ದಿರುತ್ತದೆ. ಆ ಮೂರು ಬಣ್ಣ ಸೇರಿಸಿ ಟೋಪಿ ಹೆಣೆದರೆ ಎಷ್ಟು ಚೆಂದ ಗೊತ್ತಾ! ಫೋಟೊ ನಂಬಿ ದಾರ ಕೊಳ್ಳಬೇಡಿ, ಮೊಬೈಲ್ ಆ ಕೆಂಪನ್ನು ಸರಿಯಾಗಿ ಹಿಡಿಯುವುದಿಲ್ಲ. ಮನೆಯಲ್ಲಿ ಉಳಿದ ದಾರದ ತುಂಡುಗಳನ್ನು ಒಂದು ರಟ್ಟಿಗೆ ಕಟ್ಟಿಕೊಂಡು ಬನ್ನಿ. ನೋಡಿದ ಕೂಡಲೇ ಯಾವುದು ಹತ್ತಿರ ಅಂತ ಗುರುತು ಹಾಕಿ. ಇಷ್ಟೂ ಕಾರಿನೊಳಗೆ ಕೂತೇ. ಇಳಿಯಬೇಡಿ, ಕೋತಿಗಳಿಗೆ ಬಿಸ್ಕತ್ತು ಎಸೆಯಬೇಡಿ, ಕತ್ತಲಾಗುವ ಮೊದಲು ಕಾಡು ದಾಟಿ.

ಇನ್ನು ದಾರದ ವಿಚಾರ. ಕರಾವಳಿಗೆ ಹೋಗಿ ಉಲ್ಲನ್ ಹುಡುಕುವುದರಲ್ಲಿ ಅರ್ಥ ಇಲ್ಲ. ಅದು ನಮ್ಮ ಮಡಿಕೇರಿ, ಗೋಣಿಕೊಪ್ಪದ ಅಂಗಡಿಗಳ ಸಾಮಾನು. ಅಲ್ಲೂ ಉಲ್ಲನ್ ಅಂತ ಕೊಡುವುದರಲ್ಲಿ ಅಕ್ರಿಲಿಕ್ಕೇ ಹೆಚ್ಚು. ಅನುಮಾನ ಬಂದರೆ ಒಂದು ಇಂಚು ದಾರ ಹೊರಗೆ ತಂದು ಸುಟ್ಟು ನೋಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ತಿಕ್ಕಿದರೆ ಪುಡಿಪುಡಿ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆರಿದ ಮೇಲೆ ಮುಟ್ಟಿ.

ಕಣ್ಣೂರು ಕೈಮಗ್ಗದ ಊರು. ಬಾಸೆಲ್ ಮಿಷನ್‌ನವರು ಹತ್ತೊಂಬತ್ತನೇ ಶತಮಾನದಲ್ಲೇ ಅಲ್ಲಿ ನೇಯ್ಗೆ ಕಾರ್ಖಾನೆ ನಡೆಸಿದ್ದರು. ಕೈಮಗ್ಗದ ಸೊಸೈಟಿ ಅಂಗಡಿಯಲ್ಲಿ ಬಟ್ಟೆ ನೋಡುತ್ತಾ, ನೂಲು ಲಡಿಯಲ್ಲಿ (ಸುತ್ತಿದ ಕಟ್ಟಾಗಿ) ಕೊಡ್ತೀರಾ ಅಂತ ವಿಚಾರಿಸಿ. ಎಲ್ಲರೂ ಕೊಡುವುದಿಲ್ಲ, ಕೇಳುವುದಕ್ಕೇನು? ಸಿಕ್ಕರೆ ಕೌಂಟ್ ನಂಬರ್ ನೋಡಿ. ನಂಬರ್ ಹೆಚ್ಚಾದಷ್ಟೂ ನೂಲು ತೆಳು. 40ನೇ ಕೌಂಟ್ ಹೆಣಿಗೆಗೆ ತೀರಾ ತೆಳು, 20ನೇದು ತಗೊಳ್ಳಿ. ಒಂಟಿ ಎಳೆಯ ನೂಲಾದರೆ ಎಂಟು ಎಳೆ ಸೇರಿಸಿ ಸುತ್ತಿಕೊಳ್ಳಿ, 100 ಗ್ರಾಂಗೆ ಸುಮಾರು 420 ಮೀಟರ್ ಬರುತ್ತದೆ. 12ನೇ ನಂಬರ್ ಕಡ್ಡಿಗೆ ಸರಿಹೋಗುತ್ತದೆ. ಎಳೆ ಸೇರಿಸುವಾಗ ಒಂದು ಬಿಗಿ, ಒಂದು ಸಡಿಲ ಆಗದ ಹಾಗೆ ನೋಡಿಕೊಳ್ಳಿ. ಇಲ್ಲದಿದ್ದರೆ ಹೆಣೆಯುವಾಗ ಸಡಿಲ ಎಳೆ ಹೊರಗೆ ಇಣುಕುತ್ತಲೇ ಇರುತ್ತದೆ.

ಬಣ್ಣದ ನೂಲನ್ನು ಟ್ಯೂಬ್‌ಲೈಟ್ ಕೆಳಗೆ ಆರಿಸಬೇಡಿ, ಬಾಗಿಲ ಬೆಳಕಿಗೆ ತನ್ನಿ. ಬೇಕಾದದ್ದಕ್ಕಿಂತ ಒಂದು ಲಡಿ ಜಾಸ್ತಿಯೇ ಇರಲಿ, ಮುಂದಿನ ಸಲ ಅದೇ ಬಣ್ಣ ಸಿಗುವ ಗ್ಯಾರಂಟಿ ಇಲ್ಲ. ಮನೆಗೆ ಬಂದು ಅಂಗೈ ಅಗಲದ ತುಂಡು ಹೆಣೆದು, ಅಳತೆ ಬರೆದಿಟ್ಟು, ಒಗೆದು ಮತ್ತೆ ಅಳೆಯಿರಿ. ಹತ್ತಿ ಎಷ್ಟು ಕುಗ್ಗುತ್ತದೆ, ಬಣ್ಣ ಬಿಡುತ್ತದಾ ಅಂತ ಆಗಲೇ ತಿಳಿಯುತ್ತದೆ. ಹತ್ತಿಗೆ ಎಳೆತ ಇಲ್ಲ, ಭಾರವೂ ಹೌದು. ದೊಡ್ಡವರ ಸ್ವೆಟರ್ ಜೋತು ಬೀಳುತ್ತದೆ. ಮಗುವಿನ ಅಂಗಿ, ಟೇಬಲ್ ಮ್ಯಾಟ್‌ಗೆ ಚೆನ್ನ.

ಕಡಲಿಗೆ ಮುಳಪ್ಪಿಲಂಗಾಡ್‌ಗೆ ಹೋಗಿ. ಕಣ್ಣೂರು–ತಲಶ್ಶೇರಿ ಮಧ್ಯೆ ಇದೆ, ಮರಳಿನ ಮೇಲೆ ಕಾರು ಓಡಿಸಬಹುದು. ನೀರು ಇಳಿದಿರುವ ಹೊತ್ತು ಕೇಳಿಕೊಂಡು ಇಳಿಯಿರಿ. ಚಳಿಗಾಲದಲ್ಲಿ ಕಡಲಕ್ಕಿಗಳ ಹಿಂಡು ಬರುತ್ತದೆ, ತಲೆಯ ಮೇಲೆ ಗರುಡ ಸುತ್ತುತ್ತಿರುತ್ತದೆ. ದಾರದ ಚೀಲದ ಜಿಪ್ ಮಾತ್ರ ತೆಗೆಯಬೇಡಿ. ನೂಲಿಗೆ ಹೊಕ್ಕ ಮರಳು ಒಗೆದರೂ ಬಿಡುವುದಿಲ್ಲ.

ವಾಪಸ್ ಬರುವಾಗ ಮತ್ತಿ ಮೀನು ತರದೆ ಇರುವವರು ನಮ್ಮಲ್ಲಿ ಯಾರಿದ್ದಾರೆ? ಐಸ್ ಬಾಕ್ಸ್ ಡಿಕ್ಕಿಯಲ್ಲಿರಲಿ, ನೂಲಿನ ಚೀಲ ನಿಮ್ಮ ಮಡಿಲಲ್ಲಿ.