ಒಂದು ಕಾಯಿಲೆಯ ಬೆನ್ನು ಹತ್ತಿ ಪಿಜಿ ಲೈಬ್ರರಿ ಸರಿಮಾಡಿ

ಮೆಡಿಕಲ್ ಕಾಲೇಜಿನ ಲೈಬ್ರರಿಯಲ್ಲಿ ಪಿಜಿ ವಿಭಾಗ ನೋಡಿಕೊಳ್ಳುವವಳು ನಾನು. ಲೈಬ್ರರಿ ಸುಧಾರಿಸಬೇಕು ಅಂದ ಕೂಡಲೇ ಕುರ್ಚಿ, ಎಸಿ, ಹೊಸ ಕಂಪ್ಯೂಟರ್ ಅಂತ ಪಟ್ಟಿ ಶುರುವಾಗುತ್ತದೆ. ಅವೂ ಬೇಕು. ಆದರೆ ಮೊದಲು ಒಂದು ಕಾಯಿಲೆ ಆರಿಸಿಕೊಂಡು ಅದರ ಬೆನ್ನು ಹತ್ತಿ ರ್‍ಯಾಕ್‌ಗಳನ್ನೆಲ್ಲ ಸುತ್ತಿ. ಎಲ್ಲಿ ದಾರಿ ತಪ್ಪುತ್ತದೋ ಅಲ್ಲಿ ರಿಪೇರಿ ಮಾಡಿ.

ನನ್ನ ಆಯ್ಕೆ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಗಡ್ಡೆ. ಸರ್ಜರಿ, ಗ್ಯಾಸ್ಟ್ರೋ, ರೇಡಿಯಾಲಜಿ, ಪೆಥಾಲಜಿ, ಆಂಕಾಲಜಿ ಎಲ್ಲರೂ ಕೂತು ಮಾತಾಡಿ ಚಿಕಿತ್ಸೆ ತೀರ್ಮಾನಿಸಬೇಕಾದ ಕಾಯಿಲೆ ಇದು. ಪುಸ್ತಕಗಳನ್ನು ವಿಷಯವಾರು ಜೋಡಿಸುವ ನಮ್ಮ ಡ್ಯೂಯಿ ನಂಬರಿನಲ್ಲಿ ಮಾತ್ರ ರೋಗದ ಪುಸ್ತಕ 616ರಲ್ಲಿ, ಆಪರೇಷನ್ ಪುಸ್ತಕ 617ರಲ್ಲಿ, ಔಷಧ 615ರಲ್ಲಿ. ಪಿಜಿ ಹುಡುಗ ಮೂರು ಕಡೆ ಅಲೆಯಬೇಕು. ನಂಬರ್ ಬದಲಿಸಬೇಡಿ. ಯಾವ ವಿಷಯ ಯಾವ ರ್‍ಯಾಕ್‌ನಲ್ಲಿದೆ ಅಂತ ಒಂದು ಹಾಳೆ ಬರೆದು ರ್‍ಯಾಕ್ ಬದಿಗೆ ಅಂಟಿಸಿ. ಕೋಹಾ ಅನ್ನುವ ಲೈಬ್ರರಿ ಸಾಫ್ಟ್‌ವೇರ್ ಇದ್ದರೆ ಅದರಲ್ಲೇ ಒಂದು ಪಟ್ಟಿ ಮಾಡಿಡಿ.

ಆಮೇಲೆ ಹಳೇ ಪುಸ್ತಕ. ಇದಕ್ಕೆ ಎರಡು ಪುಟ ತೆರೆದು ನೋಡಿದರೆ ಸಾಕು. ಒಂದು, ಸ್ಟೇಜಿಂಗ್ ಪುಟ, ಅಂದರೆ ಕ್ಯಾನ್ಸರ್ ಯಾವ ಹಂತದಲ್ಲಿದೆ ಅಂತ ಅಳೆಯುವ ಪುಟ. ಈ ಹಂತಗಳನ್ನು ಗೊತ್ತುಮಾಡುವ ಅಮೆರಿಕದ ಎಜೆಸಿಸಿ ಕೈಪಿಡಿಯ 8ನೇ ಆವೃತ್ತಿಯಲ್ಲಿ ಟಿ1ರಿಂದ ಟಿ3 ತನಕ ಗಡ್ಡೆಯ ಅಳತೆಯೇ ಲೆಕ್ಕ: 2 ಸೆಂ.ಮೀ. ತನಕ ಟಿ1, 4 ತನಕ ಟಿ2, ಅದಕ್ಕಿಂತ ದೊಡ್ಡದು ಟಿ3. ಗ್ರಂಥಿಯಿಂದ ಆಚೆ ಹಬ್ಬಿದರೆ ಟಿ3 ಅಂತ ಬರೆದಿದ್ದರೆ ಅದು ಹಳೇದು. ಎರಡು, ಕೀಮೋ ಪುಟ. 2011ರ ಟ್ರಯಲ್‌ನಲ್ಲಿ ಫೋಲ್‌ಫಿರಿನಾಕ್ಸ್ ಅನ್ನುವ ಹಲವು ಔಷಧಗಳ ಕೀಮೋ ಪಡೆದ, ಕ್ಯಾನ್ಸರ್ ಬೇರೆ ಕಡೆ ಹರಡಿದ್ದವರ ಮೀಡಿಯನ್ (ನಡುಮಟ್ಟದ) ಬದುಕು 11.1 ತಿಂಗಳು, ಜೆಮ್‌ಸೈಟಬಿನ್ ಪಡೆದವರದ್ದು 6.8. 2018ರಲ್ಲಿ ಆಪರೇಷನ್ ನಂತರವೂ ಇದರ ಮಾರ್ಪಡಿಸಿದ ರೂಪ ಮೇಲು ಅಂತ ತಿಳಿಯಿತು. ಇದ್ಯಾವುದೂ ಇಲ್ಲದ ಪುಸ್ತಕವನ್ನು ಎಸೆಯಬೇಡಿ, ಹಳೇ ಆವೃತ್ತಿ ಅಂತ ಚೀಟಿ ಹಚ್ಚಿ ಒಳಕೋಣೆಗೆ ಹಾಕಿ. ಥೀಸಿಸ್ ಬರೆಯುವ ಮಕ್ಕಳ ಕೈಗೆ ಅದು ಸುಮ್ನೆ ಸಿಗಬಾರದು. ಅಂಗರಚನೆ, ಪ್ಯಾಂಕ್ರಿಯಾಸ್ ತಲೆಭಾಗ ತೆಗೆಯುವ ವಿಪಲ್ ಆಪರೇಷನ್ನಿನ ಹಳೇ ಚಿತ್ರಗಳು ಮಾತ್ರ ಹೊರಗೇ ಇರಲಿ. ಸರ್ಜನ್ ವಿಪಲ್ 1935ರಲ್ಲಿ ವರದಿ ಮಾಡಿದ ಆಪರೇಷನ್ ಎಷ್ಟು ಬದಲಾಗಿದೆ ಅಂತ ಮಕ್ಕಳಿಗೆ ಗೊತ್ತಾಗಲಿ.

ಜರ್ನಲ್ ವಿಷಯಕ್ಕೆ ಬಂದರೆ, ರಾಜೀವ್ ಗಾಂಧಿ ವಿವಿ ಕೆಳಗಿನ ಕಾಲೇಜುಗಳಿಗೆ ಹೆಲಿನೆಟ್ ಅನ್ನುವ ಆನ್‌ಲೈನ್ ಜರ್ನಲ್ ಸೌಲಭ್ಯ ಇದೆ. ಸರ್ಕಾರಿ ಸಂಸ್ಥೆಗಳಿಗೆ 2025ರಿಂದ ಒಂದು ದೇಶ ಒಂದು ಚಂದಾ ಯೋಜನೆಯೂ ಬಂದಿದೆ. ಪಾಸ್‌ವರ್ಡ್ ಲೈಬ್ರರಿಯನ್ ಡ್ರಾಯರಿನಲ್ಲಿ ಇದ್ದರೆ ಏನು ಪ್ರಯೋಜನ? ಹಾಸ್ಟೆಲ್‌ನಿಂದಲೇ ಲಾಗಿನ್ ಆಗುವ ವ್ಯವಸ್ಥೆ ಮಾಡಿ, ರಾತ್ರಿ ಡ್ಯೂಟಿ ಮುಗಿಸಿದವರು ಓದಲಿ.

ಪಬ್‌ಮೆಡ್ (ವೈದ್ಯಕೀಯ ಲೇಖನಗಳ ತಾಣ) ಹುಡುಕಾಟವನ್ನು ಪಕ್ಕದಲ್ಲಿ ಕೂತು ತೋರಿಸಿ. ಮೆಶ್ ಅನ್ನುವ ಅದರ ವಿಷಯಪದಗಳ ಪಟ್ಟಿಯಲ್ಲಿ ‘ಪ್ಯಾಂಕ್ರಿಯಾಟಿಕ್ ನಿಯೋಪ್ಲಾಸಮ್ಸ್’ ಹಿಡಿದು, ಅದರ ಕೆಳಗೆ ಡಯಾಗ್ನೋಸಿಸ್, ಸರ್ಜರಿ ಬೇರೆ ಬೇರೆ ಆರಿಸಲಿ. ಕೆಲವು ಲೇಖನಗಳಿಗೆ ಮೆಶ್ ಹಚ್ಚಿರುವುದಿಲ್ಲ, ಹಾಗಾಗಿ ಶೀರ್ಷಿಕೆಯ ಪದಗಳನ್ನೂ ಹಾಕಿಸಿ. ಎಲ್ಲಾ ಗಡ್ಡೆಯೂ ಒಂದೇ ಅಲ್ಲ ಅಲ್ವಾ? ಅಡಿನೋಕಾರ್ಸಿನೋಮಾ ಬೇರೆ, ನ್ಯೂರೋಎಂಡೋಕ್ರೈನ್ ಬೇರೆ, ನೀರುಗುಳ್ಳೆಯಂಥ ಐಪಿಎಂಎನ್ ಬೇರೆ. ಮೊದಲೇ ಬೇರ್ಪಡಿಸದಿದ್ದರೆ ಥೀಸಿಸ್‌ನ ಸಿನಾಪ್ಸಿಸ್ (ಸಾರಾಂಶ) ಕಲಸುಮೇಲೋಗರ ಆಗುತ್ತದೆ.

ಟೇಬಲ್ ಮೇಲೆ ಒಂದು ಪುಟದ ಟಿಪ್ಪಣಿಯನ್ನೂ ಇಡಿ, ಆದರೆ ವಿಭಾಗದ ಪ್ರೊಫೆಸರ್ ಕೈಯಲ್ಲಿ ತಿದ್ದಿಸಿದ ಮೇಲೆ. ನಮ್ಮದರಲ್ಲಿ ಇರುವುದು ಇಷ್ಟು: ಎರಡು ಹಂತದ ಪ್ಯಾಂಕ್ರಿಯಾಸ್ ಸಿಟಿಯನ್ನು ಆದಷ್ಟು ಪಿತ್ತನಾಳಕ್ಕೆ ಸ್ಟೆಂಟ್ (ಕೊಳವೆ) ಹಾಕುವ ಮೊದಲೇ ಮಾಡಿಸಿ. ರಕ್ತದಲ್ಲಿ ನೋಡುವ ಕ್ಯಾನ್ಸರ್ ಗುರುತು ಸಿಎ 19-9 ಬರೀ ಕಾಮಾಲೆಯಿಂದಲೂ ಏರುತ್ತದೆ, ಕೆಲವರ ಮೈಯಲ್ಲಿ ಅದು ತಯಾರೇ ಆಗುವುದಿಲ್ಲ, ಅದೊಂದನ್ನೇ ನಂಬಬೇಡಿ. ಬಯಾಪ್ಸಿಗೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಇದೆ. ಆಪರೇಷನ್ ಆಗುತ್ತದೋ ಇಲ್ಲವೋ ಅನ್ನುವುದು ಗಡ್ಡೆ ರಕ್ತನಾಳಕ್ಕೆ ಎಷ್ಟು ಅಂಟಿದೆ, ಬೇರೆ ಕಡೆ ಹರಡಿದೆಯೋ ಅನ್ನುವುದರ ಮೇಲೆ.

ಇನ್ನೊಂದು ಹಾಳೆ ಕನ್ನಡದ್ದು, ಒಪಿಡಿಯಲ್ಲಿ ಕಾಯುವ ಜನರಿಗೆ. ಅದು ಲೈಬ್ರರಿ ಕೆಲಸವೇ ಅಂತ ನಾನು ನಂಬುತ್ತೇನೆ. ನಮ್ಮ ಕಡೆ ಕಣ್ಣು ಹಳದಿಯಾದರೆ ನಾಟಿ ಔಷಧಿಗೆ ಹೋಗುವವರೇ ಜಾಸ್ತಿ, ವಾರಗಳು ಅಲ್ಲೇ ಕಳೆಯುತ್ತವೆ. ನೋವಿಲ್ಲದ ಕಾಮಾಲೆ, ಗಾಢ ಬಣ್ಣದ ಮೂತ್ರ, ಬಿಳಚಿದ ಮಲ, ಕಾರಣವಿಲ್ಲದೆ ಇಳಿಯುವ ತೂಕ, ನಡುವಯಸ್ಸು ದಾಟಿದ ಮೇಲೆ ತೂಕ ಇಳಿಯುತ್ತಲೇ ಹೊಸದಾಗಿ ಬಂದ ಸಕ್ಕರೆ ಕಾಯಿಲೆ: ಇವನ್ನು ದಪ್ಪ ಅಕ್ಷರದಲ್ಲಿ ಬರೆಸಿ, ‘ತಡಮಾಡದೆ ಹೊಟ್ಟೆಯ ಸ್ಕ್ಯಾನ್ ಬಗ್ಗೆ ಡಾಕ್ಟರನ್ನು ಕೇಳಿ’ ಅಂತ ಕೆಳಗೆ ಹಾಕಿಸಿ.