ಲಂಟಾನ ತೆಗೆದ ನೆಲಕ್ಕೆ ಲಂಟಾನ ಮರಳದಂತೆ ನೋಡಿಕೊಳ್ಳುವುದು ಹೇಗೆ

ಊರಿನ ಗೋಮಾಳ, ಗ್ರಾಮ ಅರಣ್ಯ ಸಮಿತಿ ನೋಡಿಕೊಳ್ಳುವ ನೆಡುತೋಪು, ಕೊಡಗಿನ ಬಾಣೆ (ಗದ್ದೆಗೆ ಸೇರಿದ ಮರಗಾಡಿನ ನೆಲ), ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ನಿರ್ವಹಣೆಗೆ ಬಂದಿರುವ ಕಾಡು, ಇವೆಲ್ಲವುಗಳಲ್ಲಿ ಇಂದು ಲಂಟಾನ ಎಂಬ ಮುಳ್ಳುಪೊದೆಯ ಕಳೆ ನುಗ್ಗಿದೆ. ಕೆಲವೆಡೆ ಇದಕ್ಕೆ ಚದುರಂಗಿ ಎಂದೂ ರೋಜವಾಳವೆಂದೂ ಹೆಸರಿದೆ. ಇಂಥ ನೆಲವನ್ನು ನೋಡಿಕೊಳ್ಳುವ ಜವಾಬ್ದಾರಿ ಹೊತ್ತವರಿಗಾಗಿ ಈ ಬರಹ. ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳುತ್ತೇನೆ: ಪೊದೆ ಕೀಳುವುದು ಈ ಕೆಲಸದ ಸಣ್ಣ ಭಾಗ, ಕಿತ್ತ ನಂತರದ ಎರಡು ಮೂರು ಮಳೆಗಾಲಗಳಲ್ಲಿ ಆ ನೆಲವನ್ನು ಕಾಯುವವರು ಇಲ್ಲದಿದ್ದರೆ ಕೀಳಲು ಹಾಕಿದ ಹಣವೂ ಬೆವರೂ ವ್ಯರ್ಥವಾಗುತ್ತವೆ.

ಅಮೆರಿಕ ಖಂಡದ ಉಷ್ಣವಲಯ ಈ ಗಿಡದ ತವರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂದದ್ದು, ಬೇಲಿಗಳಿಗೆ ಹಬ್ಬಿ, ಅಲ್ಲಿಂದ ಕಾಡು ಸೇರಿತು. ಬಿಳಿಗಿರಿರಂಗನ ಬೆಟ್ಟದಲ್ಲಿ ನಡೆದ ಅಧ್ಯಯನದ ಪ್ರಕಾರ 1997 ಮತ್ತು 2008ರ ನಡುವೆ ಲಂಟಾನ ಕಾಣಿಸಿಕೊಂಡ ಜಾಗಗಳ ಪ್ರಮಾಣ ಸುಮಾರು ಇಮ್ಮಡಿಯಾಗಿದೆ. ಅದರ ನೆರಳಿನಲ್ಲಿ ಹುಲ್ಲು ಸಾಯುತ್ತದೆ. ನೆಲ್ಲಿಯಂಥ ಮರಗಳ ಸಸಿ ಮೇಲೇಳುವುದಿಲ್ಲ. ಜಿಂಕೆ, ಕಾಟಿಗಳಿಗೂ ಊರಿನ ದನಗಳಿಗೂ ಮೇವು ಕುಗ್ಗುತ್ತದೆ. ನೆಲ್ಲಿಕಾಯಿ, ಜೇನಿನಂಥ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವವರಿಗೆ ಮರದ ಬುಡಕ್ಕೆ ಹೋಗುವ ದಾರಿಯೇ ಮುಚ್ಚಿಹೋಗುತ್ತದೆ. ಬೇಸಿಗೆಯಲ್ಲಿ ಒಣಗಿ ನಿಂತ ಪೊದೆ ನೆಲದ ಬೆಂಕಿಯನ್ನು ಮರದ ಕೊಂಬೆಗಳವರೆಗೆ ಏರಿಸುತ್ತದೆ. ಹಿಂದೆ ಬೇಸಿಗೆಯ ಆರಂಭದಲ್ಲೇ ಹಾಕುತ್ತಿದ್ದ, ನೆಲದ ಮೇಲಷ್ಟೇ ಹರಿದು ಆರುತ್ತಿದ್ದ ತರಗು ಬೆಂಕಿಯಿಂದ ಲಂಟಾನದ ಎಳೆಯ ಸಸಿಗಳು ಸಾಯುತ್ತಿದ್ದವು, ಆ ಪದ್ಧತಿ ನಿಂತ ಮೇಲೆ ಅದು ಹಬ್ಬಿತು ಎಂದು ಈ ಬೆಟ್ಟದ ಆದಿವಾಸಿಗಳಾದ ಸೋಲಿಗರ ಹಿರಿಯರು ಹೇಳುತ್ತಾರೆ. ಈ ಮಾತನ್ನು ಸಂಶೋಧಕರೂ ಗಂಭೀರವಾಗಿ ಪರಿಗಣಿಸಿದ್ದಾರೆ. ಆದರೆ ಪೊದೆಗಳು ಬೆಳೆದು ಒತ್ತಾಗಿ ನಿಂತಿರುವ ಇಂದಿನ ಕಾಡಿನಲ್ಲಿ ಬೆಂಕಿ ಹಾಕಿದರೆ ಆಗುವುದು ಅನಾಹುತವೇ. ಸುಟ್ಟ ಲಂಟಾನ ಬುಡದಿಂದ ಮತ್ತೆ ಚಿಗುರುತ್ತದೆ, ಸುಟ್ಟುಹೋದ ಮರದ ಸಸಿ ಚಿಗುರುವ ಭರವಸೆಯಿಲ್ಲ.

ಮೊದಲು ಅನುಮತಿ, ಆಮೇಲೆ ಗುದ್ದಲಿ

ನೆಲ ಯಾರದೆಂಬುದನ್ನು ಖಚಿತಪಡಿಸಿಕೊಳ್ಳದೆ ಕೆಲಸ ಆರಂಭಿಸಬಾರದು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಮತ್ತು ಹುಲಿ ಸಂರಕ್ಷಿತ ಪ್ರದೇಶಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುವುದರಿಂದ, ಕಳೆ ಗಿಡವೇ ಆದರೂ ಅರಣ್ಯ ಇಲಾಖೆಯ ಲಿಖಿತ ಒಪ್ಪಿಗೆಯಿಲ್ಲದೆ ಅಲ್ಲಿ ಕೀಳುವಂತಿಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಸಮುದಾಯ ಅರಣ್ಯ ಸಂಪನ್ಮೂಲದ ಹಕ್ಕು ದೊರೆತಿರುವಲ್ಲಿ, ಆ ಕಾಡನ್ನು ರಕ್ಷಿಸುವ, ಪುನರುಜ್ಜೀವನಗೊಳಿಸುವ ಮತ್ತು ನಿರ್ವಹಿಸುವ ಹಕ್ಕು ಗ್ರಾಮಸಭೆಗೆ ಸೇರಿರುತ್ತದೆ. ಅಂಥಲ್ಲಿ ಗ್ರಾಮಸಭೆಯ ನಿರ್ಣಯ ಬರೆಸಿ, ವಲಯ ಅರಣ್ಯಾಧಿಕಾರಿಗೆ ಪ್ರತಿ ಕೊಟ್ಟು ಮುಂದುವರಿಯುವುದು ಒಳಿತು. ಗೋಮಾಳವಾದರೆ ಗ್ರಾಮ ಪಂಚಾಯಿತಿಯನ್ನೂ ಕಂದಾಯ ಇಲಾಖೆಯನ್ನೂ ಕೇಳಬೇಕು.

ಎಲ್ಲಿಂದ ಆರಂಭಿಸಬೇಕು

ಬಹುತೇಕ ಎಲ್ಲರೂ ಅತಿ ದಟ್ಟವಾದ ಪೊದೆಯನ್ನೇ ಮೊದಲು ಹಿಡಿಯುತ್ತಾರೆ. ಕಣ್ಣಿಗೆ ರಾಚುವುದು ಅದೇ ಆದ್ದರಿಂದ ಈ ಆಯ್ಕೆ ಸಹಜ. ಆದರೆ ನನ್ನ ದೃಷ್ಟಿಯಲ್ಲಿ ಇದು ತಪ್ಪು ಕ್ರಮ. ಹುಲ್ಲು ಇನ್ನೂ ಉಳಿದಿರುವ, ಸ್ಥಳೀಯ ಮರಗಳ ಸಸಿಗಳು ಇನ್ನೂ ಕಾಣಸಿಗುವ, ಲಂಟಾನ ಬಿಡಿಬಿಡಿಯಾಗಿ ಮಾತ್ರ ನಿಂತಿರುವ ಜಾಗದಿಂದ ಆರಂಭಿಸಿ ದಟ್ಟ ಪೊದೆಯ ಕಡೆಗೆ ಸಾಗಬೇಕು. ಅಂಥ ಜಾಗದಲ್ಲಿ ಒಂದು ದಿನದ ಕೂಲಿಗೆ ಬಿಡುವಾಗುವ ನೆಲ ಹೆಚ್ಚು. ಖಾಲಿಯಾದ ಜಾಗವನ್ನು ತುಂಬಲು ಪಕ್ಕದಲ್ಲೇ ಹುಲ್ಲಿನ ಬೀಜವಿರುತ್ತದೆ. ದಟ್ಟ ಪೊದೆಯ ಅಡಿಯ ನೆಲದಲ್ಲಾದರೋ ವರ್ಷಗಳಿಂದ ಉದುರಿದ ಲಂಟಾನದ ಬೀಜವೇ ತುಂಬಿದ್ದು, ತೆರವು ಮಾಡಿದೊಡನೆ ಬಿಸಿಲು ತಾಗಿ ಅವೆಲ್ಲ ಒಟ್ಟಿಗೆ ಮೊಳೆಯುತ್ತವೆ.

ಎಷ್ಟು ನೆಲವನ್ನು ಹಿಡಿಯಬೇಕೆಂಬುದನ್ನು ಈ ವರ್ಷದ ಕೂಲಿಯಾಳುಗಳ ಸಂಖ್ಯೆಯಿಂದ ಲೆಕ್ಕ ಹಾಕದೆ, ಮುಂದಿನ ಮೂರು ವರ್ಷ ಸಸಿ ಕೀಳಲು ಎಷ್ಟು ಜನ ಖಂಡಿತವಾಗಿ ಬರುತ್ತಾರೆ ಎಂಬುದರಿಂದ ಲೆಕ್ಕ ಹಾಕಿ. ಐದು ಎಕರೆ ಕಾಯಬಲ್ಲವರು ಐದು ಎಕರೆಯನ್ನಷ್ಟೇ ತೆರವು ಮಾಡಲಿ. ಹಳ್ಳದ ದಂಡೆ ಮತ್ತು ಕಡಿದಾದ ಇಳಿಜಾರಿನಲ್ಲಿ ಮಳೆಗಾಲದ ಹೊಸ್ತಿಲಲ್ಲಿ ಎಲ್ಲವನ್ನೂ ಒಮ್ಮೆಗೇ ಕಿತ್ತರೆ ಮಣ್ಣು ಕೊಚ್ಚಿಹೋಗುತ್ತದೆ. ಅಲ್ಲಿ ಅಡ್ಡಪಟ್ಟಿಗಳಾಗಿ, ಒಂದು ಪಟ್ಟಿ ಬಿಟ್ಟು ಒಂದು ಪಟ್ಟಿಯಂತೆ, ಎರಡು ಮೂರು ವರ್ಷಗಳಲ್ಲಿ ಮುಗಿಸಬೇಕು.

ಕೀಳುವ ಕ್ರಮ

ಮಚ್ಚಿನಿಂದ ಸವರಿದರೆ ಲಂಟಾನ ಸಾಯುವುದಿಲ್ಲ. ಬುಡದಿಂದ ಹತ್ತಾರು ಚಿಗುರು ಒಡೆದು ಮೊದಲಿಗಿಂತ ದಟ್ಟವಾಗುತ್ತದೆ. ಜೆಸಿಬಿ ಹಾಕಿ ಬುಡಮೇಲು ಮಾಡಿದರೆ ಮಣ್ಣು ಕದಡಿ ಹುದುಗಿದ್ದ ಬೀಜಗಳೆಲ್ಲ ಮೇಲೆ ಬರುತ್ತವೆ, ನಡುವೆ ಇದ್ದ ನೆಲ್ಲಿ, ಹೊನ್ನೆ, ಮತ್ತಿಯ ಸಸಿಗಳೂ ನಾಶವಾಗುತ್ತವೆ. ಹಲವು ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಫಲ ಕೊಟ್ಟಿರುವುದು ದೆಹಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಸಿ. ಆರ್. ಬಾಬು ಮತ್ತು ಅವರ ಸಂಗಡಿಗರು ರೂಪಿಸಿದ, ಬೇರಿನ ಬುಡವನ್ನು ಕತ್ತರಿಸುವ ವಿಧಾನ. ಕಾಂಡ ಮುಗಿದು ಬೇರು ಆರಂಭವಾಗುವ ಗೆಣ್ಣಿನ ಭಾಗದಿಂದಲೇ ಹೊಸ ಚಿಗುರು ಹೊರಡುತ್ತದೆ. ಅದಕ್ಕಿಂತ ಕೆಳಗೆ ಕತ್ತರಿಸಿದರೆ ನೆಲದಲ್ಲಿ ಉಳಿದ ಬೇರಿಗೆ ಚಿಗುರುವ ಶಕ್ತಿಯಿರುವುದಿಲ್ಲ ಎಂಬ ತಿಳಿವಳಿಕೆಯ ಮೇಲೆ ಈ ವಿಧಾನ ನಿಂತಿದೆ.

ಮೂರು ಜನರ ತಂಡಕ್ಕೆ ಒಂದು ಮಚ್ಚು, ಒಂದು ಉದ್ದನೆಯ ಕವೆಗೋಲು, ಅಲಗು ಕಿರಿದಾಗಿ ಹರಿತವಾಗಿರುವ ಒಂದು ಪಿಕಾಸಿ ಅಥವಾ ಗುದ್ದಲಿ ಸಾಕು. ಮೊದಲನೆಯವರು ಕವೆಗೋಲಿನಿಂದ ಪೊದೆಯನ್ನು ಒಂದು ಕಡೆಗೆ ಒತ್ತಿಹಿಡಿದು ಬುಡ ಕಾಣುವಂತೆ ಮಾಡಬೇಕು. ಮುಳ್ಳಿನ ಕೊಂಬೆಗಳು ಅಡ್ಡ ಬಂದರೆ ಎರಡನೆಯವರು ಮಚ್ಚಿನಿಂದ ಸವರಬೇಕು, ಆದರೆ ಹಿಡಿದು ಎತ್ತಲು ಅನುಕೂಲವಾಗುವಷ್ಟು ಕಾಂಡವನ್ನು ಉಳಿಸಬೇಕು. ಮೂರನೆಯವರು ಬುಡದ ಸುತ್ತಲಿನ ತರಗು ಸರಿಸಿ, ನೆಲಮಟ್ಟಕ್ಕಿಂತ ಮೂರರಿಂದ ಐದು ಸೆಂಟಿಮೀಟರ್ ಕೆಳಗೆ, ಅಂದರೆ ಸುಮಾರು ಎರಡು ಬೆರಳಗಲದಷ್ಟು ಆಳದಲ್ಲಿ, ತಾಯಿಬೇರಿಗೆ ಓರೆಯಾಗಿ ಏಟು ಹಾಕಿ ಕತ್ತರಿಸಬೇಕು. ಸುತ್ತಲಿನ ಮಣ್ಣನ್ನು ಅಗೆದು ಹರಡಬಾರದು. ಮಣ್ಣು ಕದಡಿದಷ್ಟೂ ಬೀಜ ಮೊಳೆಯುತ್ತದೆ. ಹಳೆಯ ಪೊದೆಗಳ ಬಾಗಿದ ಕೊಂಬೆಗಳು ನೆಲ ತಾಗಿದಲ್ಲೆಲ್ಲ ಬೇರು ಬಿಟ್ಟಿರುತ್ತವೆ. ಅವುಗಳನ್ನು ಒಂದೊಂದಾಗಿ ಹುಡುಕಿ ಕತ್ತರಿಸದಿದ್ದರೆ ಒಂದು ಪೊದೆ ಹೋದ ಜಾಗದಲ್ಲಿ ನಾಲ್ಕು ಗಿಡ ಏಳುತ್ತವೆ.

ಕತ್ತರಿಸಿದ ಪೊದೆಯನ್ನು ಬೇರು ಆಕಾಶಕ್ಕೆ ಮುಖ ಮಾಡುವಂತೆ ತಲೆಕೆಳಗಾಗಿಸಿ ಇಡಬೇಕು. ಬೇರು ಹಸಿ ಮಣ್ಣಿಗೆ ತಾಗಿದರೆ ಮತ್ತೆ ಕಚ್ಚಿಕೊಳ್ಳುತ್ತದೆ. ಕಾಯಿ, ಹಣ್ಣು ಇರುವ ಕೊಂಬೆಗಳನ್ನು ಎಳೆದಾಡದೆ ಅಲ್ಲೇ ಗುಡ್ಡೆ ಹಾಕಿ, ಮುಂದಿನ ವರ್ಷ ಆ ಗುಡ್ಡೆಯ ಅಡಿಯನ್ನು ಮರೆಯದೆ ಪರೀಕ್ಷಿಸಿ. ಒಣಗಿದ ಗುಡ್ಡೆಗಳು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬೆಂಕಿಗೆ ಆಹ್ವಾನವಿದ್ದಂತೆ. ಅವನ್ನು ಮರಗಳ ಬುಡಕ್ಕೂ ಬೆಂಕಿರೇಖೆಗೂ (ಬೆಂಕಿ ಹಬ್ಬದಂತೆ ಸವರಿಟ್ಟ ಪಟ್ಟಿ) ಹತ್ತಿರ ಇಡಬಾರದು. ಸುಡಲೇಬೇಕಾದರೆ ಅರಣ್ಯ ಇಲಾಖೆಯವರ ಸಮ್ಮುಖದಲ್ಲಿ, ನೆಲ ತೇವವಾಗಿರುವಾಗ, ಸಣ್ಣ ಸಣ್ಣ ರಾಶಿಗಳಾಗಿ ಸುಡಬೇಕು.

ಮೊದಲ ಮಳೆಗಳು ಬಿದ್ದು ಮಣ್ಣು ಸಡಿಲವಾದ ಮೇಲೆ, ಹೊಸ ಹಣ್ಣು ಮಾಗುವ ಮೊದಲು ಕೀಳುವುದು ಸೂಕ್ತ. ಗಟ್ಟಿ ನೆಲದಲ್ಲಿ ಬೇರು ಮೇಲ್ಭಾಗದಲ್ಲೇ ಮುರಿದು ಚಿಗುರುವ ಗೆಣ್ಣು ಒಳಗೇ ಉಳಿಯುತ್ತದೆ.

ಪೊದೆಯೊಳಗೆ ಕಾಡುಹಂದಿ, ಕರಡಿ, ಹಾವು, ಕೆಲವೊಮ್ಮೆ ಆನೆಯೂ ಇರಬಹುದು. ಕೆಲಸಕ್ಕೆ ಮುನ್ನ ದೂರದಿಂದಲೇ ಸದ್ದು ಮಾಡಿ, ಪ್ರಾಣಿಗಳು ಹೋಗಲು ಒಂದು ಕಡೆ ತೆರೆದು ಬಿಟ್ಟು ಒಳಹೋಗಬೇಕು, ಒಬ್ಬರೇ ಹೋಗಬಾರದು. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆಯ, ಉಣ್ಣೆ ಕಚ್ಚುವುದರಿಂದ ಹರಡುವ ಮಂಗನ ಕಾಯಿಲೆಯ ಪ್ರದೇಶಗಳಲ್ಲಿ ಉಣ್ಣೆಗಳ ಕಾಲವನ್ನು ತಪ್ಪಿಸಿ, ಮೈ ಮುಚ್ಚುವ ಬಟ್ಟೆ ಧರಿಸಿ, ಆರೋಗ್ಯ ಇಲಾಖೆ ಕೊಡುವ ಉಣ್ಣೆ ನಿರೋಧಕ ತೈಲ ಹಚ್ಚಿಕೊಳ್ಳುವುದು ಕಡ್ಡಾಯವೆಂದೇ ತಿಳಿಯಿರಿ.

ಹಕ್ಕಿ ಕೂರುವ ಮರದ ಅಡಿ

ಲಂಟಾನದ ಕಪ್ಪು ಹಣ್ಣನ್ನು ಪಿಕಳಾರ, ಮೈನಾಗಳು ತಿಂದು, ಮರದ ಮೇಲೆ ಕುಳಿತು ಹಿಕ್ಕೆ ಹಾಕುತ್ತವೆ. ಆದ್ದರಿಂದ ತೆರವು ಮಾಡಿದ ಜಾಗದಲ್ಲಿ ಹೊಸ ಸಸಿಗಳು ಎಲ್ಲೆಡೆ ಸಮನಾಗಿ ಏಳುವುದಿಲ್ಲ. ಒಂಟಿ ಮರಗಳ ಕೆಳಗೆ, ಬೇಲಿಯ ಕಂಬಗಳ ಸಾಲಿನಲ್ಲಿ, ಹಳ್ಳದ ಅಂಚಿನಲ್ಲಿ ಗುಂಪುಗಟ್ಟಿ ಏಳುತ್ತವೆ. ಇದು ನಮಗೆ ಅನುಕೂಲವೇ. ಇಡೀ ನೆಲವನ್ನು ಜಾಲಾಡುವ ಬದಲು, ಇಂಥ ಮರಗಳಿಗೆ ಗುರುತು ಹಾಕಿ, ಮಳೆಗಾಲದ ನಡುವೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಅವುಗಳ ಅಡಿಯನ್ನು ನೋಡಿದರೆ ಹೆಚ್ಚಿನ ಸಸಿಗಳು ಸಿಗುತ್ತವೆ. ಗೇಣುದ್ದದ ಸಸಿಯನ್ನು ಹಸಿ ನೆಲದಿಂದ ಮಕ್ಕಳೂ ಬೇರುಸಹಿತ ಕೀಳಬಲ್ಲರು. ಅದೇ ಸಸಿಯನ್ನು ಒಂದು ವರ್ಷ ಬಿಟ್ಟರೆ ಮತ್ತೆ ಪಿಕಾಸಿ ಬೇಕಾಗುತ್ತದೆ. ಎಲೆಯನ್ನು ಉಜ್ಜಿದಾಗ ಬರುವ ಕಟುವಾಸನೆ ಮತ್ತು ಚೌಕಾಕಾರದ ಎಳೆಯ ಕಾಂಡದಿಂದ ಸಸಿಯನ್ನು ಗುರುತಿಸುವುದನ್ನು ತಂಡದ ಎಲ್ಲರಿಗೂ ಕಲಿಸಬೇಕು. ಇಲ್ಲದಿದ್ದರೆ ಕಳೆಯ ಜೊತೆಗೆ ಕಾಡಿನ ಸಸಿಗಳೂ ಹೋಗುತ್ತವೆ.

ಖಾಲಿ ನೆಲವನ್ನು ಖಾಲಿ ಬಿಡಬಾರದು. ಮಳೆಗಾಲದ ಕೊನೆಗೆ ಅದೇ ಪ್ರದೇಶದ ಹುಲ್ಲುಗಳು ತೆನೆಗಟ್ಟಿದಾಗ, ಬಲಿತ ತೆನೆಗಳನ್ನು ಕೊಯ್ದು ನೆರಳಿನಲ್ಲಿ ಒಣಗಿಸಿಟ್ಟು, ಮುಂದಿನ ಮುಂಗಾರಿಗೆ ಮಣ್ಣಿನೊಂದಿಗೆ ಬೆರೆಸಿ ಎರಚಬೇಕು. ಎಲ್ಲೋ ದೂರದಿಂದ ಕೊಂಡ ಬೀಜದ ಬದಲು ಪಕ್ಕದ ಗುಡ್ಡದ ಹುಲ್ಲೇ ಆ ಮಣ್ಣಿಗೆ ಒಗ್ಗುತ್ತದೆ. ಮೂಲತಃ ಹುಲ್ಲುಗಾವಲಾಗಿದ್ದ ಜಾಗದಲ್ಲಿ ಉತ್ಸಾಹದಿಂದ ಮರ ನೆಡುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಬೇಕಾದದ್ದು ಹುಲ್ಲೇ. ಲಂಟಾನ ಹೋದ ಜಾಗಕ್ಕೆ ಕಮ್ಯುನಿಸ್ಟ್ ಕಳೆ, ಕಾಂಗ್ರೆಸ್ ಕಳೆ, ಹಳದಿ ಹೂವಿನ ಸೆನ್ನಾ ನುಗ್ಗುವುದು ಸಾಮಾನ್ಯವಾದ್ದರಿಂದ, ಸಸಿ ಕೀಳುವ ಸುತ್ತಿನಲ್ಲಿ ಇವುಗಳನ್ನೂ ಬಿಡಬಾರದು.

ದನಗಳ ವಿಷಯದಲ್ಲಿ ಎಚ್ಚರ ಬೇಕು. ಲಂಟಾನದ ಎಲೆಯಲ್ಲಿರುವ ಲ್ಯಾಂಟಡೀನ್ ಎಂಬ ವಿಷ ಯಕೃತ್ತನ್ನು ಕೆಡಿಸಿ ಕಾಮಾಲೆ ತರುತ್ತದೆ. ಬಿಸಿಲು ತಾಗಿದಲ್ಲಿ, ವಿಶೇಷವಾಗಿ ಬಿಳಿ ಚರ್ಮದ ಭಾಗದಲ್ಲಿ ಮತ್ತು ಮೂತಿಯಲ್ಲಿ, ಚರ್ಮ ಬಿರಿಯುತ್ತದೆ. ಅಲ್ಲೇ ಮೇದು ಬೆಳೆದ ದನ ಅದನ್ನು ಮೂಸಿ ಬಿಡುತ್ತದೆ, ಆದರೆ ಹೊಸದಾಗಿ ತಂದ ಅಥವಾ ಹಸಿದ ದನ ಕತ್ತರಿಸಿ ಬಿದ್ದ ಸೊಪ್ಪಿಗೆ ಬಾಯಿ ಹಾಕುತ್ತದೆ. ಗುಡ್ಡೆಗಳು ಪೂರ್ತಿ ಒಣಗುವವರೆಗೂ, ಹೊಸ ಹುಲ್ಲು ಒಮ್ಮೆ ಬೀಜ ಕಟ್ಟುವವರೆಗೂ ಮೇಯಿಸುವುದನ್ನು ನಿಲ್ಲಿಸಬೇಕು. ಊರಿನವರ ಒಪ್ಪಿಗೆಯಿಲ್ಲದೆ ಇದು ಸಾಧ್ಯವಾಗದ ಕಾರಣ, ಬದಲಿ ಮೇವಿನ ಜಾಗವನ್ನು ಕೀಳುವ ಮೊದಲೇ ಮಾತನಾಡಿ ಗೊತ್ತುಮಾಡಬೇಕು. ಲಕ್ಷಣ ಕಂಡ ದನವನ್ನು ನೆರಳಿನಲ್ಲಿ ಕಟ್ಟಿ ತಕ್ಷಣ ಪಶುವೈದ್ಯರನ್ನು ಕರೆಸಿ.

ಕಿತ್ತ ಕಡ್ಡಿಯಿಂದ ಆದಾಯ ಬರುತ್ತದೆಯೇ ಎಂದು ಎಲ್ಲ ಸಭೆಗಳಲ್ಲೂ ಕೇಳುತ್ತಾರೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿಗಳನ್ನು ಬೇಯಿಸಿ, ತೊಗಟೆ ಸುಲಿದು, ಬಿಸಿಯಿರುವಾಗಲೇ ಬಗ್ಗಿಸಿ ಕುರ್ಚಿ, ಮೇಜು, ಬುಟ್ಟಿಗಳನ್ನು ಮಾಡುತ್ತಿದ್ದಾರೆ. ನೀಲಗಿರಿ ಸೀಮೆಯ ಆದಿವಾಸಿ ಕುಶಲಕರ್ಮಿಗಳು ಇದೇ ಕಡ್ಡಿಯಿಂದ ನಿಜವಾದ ಗಾತ್ರದ ಆನೆಗಳನ್ನು ಕಟ್ಟಿ 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಲ್ಲಿಸಿದರು. ಇದು ಗೌರವದ ದುಡಿಮೆ, ಇದಕ್ಕೆ ಬೆಂಬಲ ಸಲ್ಲಬೇಕು. ಆದರೆ ಕುಶಲಕರ್ಮಕ್ಕೆ ಬೇಕಾದದ್ದು ನೇರವಾದ, ಹದವಾದ ದಪ್ಪದ ಕಡ್ಡಿಗಳು ಮಾತ್ರ. ಅವನ್ನು ಕೊಯ್ದ ಬುಡ ಮತ್ತೆ ಚಿಗುರುತ್ತದೆ. ಕಡ್ಡಿ ಆಯುವವರು ಮೊದಲು ಬಂದು ಹೋಗಲಿ, ಬೇರು ಕತ್ತರಿಸುವ ತಂಡ ಅವರ ಹಿಂದೆಯೇ ಬರಲಿ. ಕೀಟಗಳಿಂದ ನಿಯಂತ್ರಿಸುವ ಭರವಸೆಯನ್ನೂ ಇಟ್ಟುಕೊಳ್ಳಬೇಡಿ: 1941ರಲ್ಲೇ ಎಲೆಯ ರಸ ಹೀರುವ ಕೀಟವೊಂದನ್ನು ದೇಶಕ್ಕೆ ತರಿಸಲಾಗಿತ್ತು, ಅದು ಎಲೆ ಉದುರಿಸಿದರೂ ಮಳೆ ಬಂದೊಡನೆ ಗಿಡ ಚೇತರಿಸಿಕೊಳ್ಳುತ್ತದೆ.

ದಾಖಲೆಗೆ ಒಂದು ನೋಟುಪುಸ್ತಕ ಸಾಕು. ಪ್ರತಿ ತುಂಡು ನೆಲಕ್ಕೂ ಹೆಸರಿಟ್ಟು, ಕಿತ್ತ ತಿಂಗಳು, ಬಂದ ಆಳುಗಳು, ಪ್ರತಿ ಸುತ್ತಿನಲ್ಲಿ ಸಿಕ್ಕ ಸಸಿಗಳು, ಮರಳಿದ ಹುಲ್ಲಿನ ಹೆಸರುಗಳನ್ನು ಬರೆದಿಡಿ. ಒಂದೇ ಜಾಗದಲ್ಲಿ ನಿಂತು ವರ್ಷಕ್ಕೊಮ್ಮೆ ಚಿತ್ರ ತೆಗೆಯಿರಿ. ಮೂರನೆಯ ಮಳೆಗಾಲದ ಸುತ್ತಿನಲ್ಲಿ ಸಸಿಗಳ ಸಂಖ್ಯೆ ಇಳಿದು, ಹುಲ್ಲು ನೆಲವನ್ನು ಮುಚ್ಚಿದ್ದರೆ ಮಾತ್ರ ಪಕ್ಕದ ತುಂಡಿಗೆ ಕೈ ಹಾಕಿ. ಇಳಿದಿಲ್ಲವಾದರೆ ಹೊಸ ಜಾಗ ತೆರೆಯದೆ, ಆ ವರ್ಷದ ಆಳುಗಳನ್ನೆಲ್ಲ ಹಳೆಯ ತುಂಡಿನಲ್ಲೇ, ಗುರುತು ಹಾಕಿದ ಮರಗಳ ಅಡಿಯಲ್ಲೇ ತೊಡಗಿಸಿ.