ಮನೆ ಜಾಹೀರಾತಿನಲ್ಲಿ ಯಾರ ತೆರಿಗೆ ಬರೆಯಬೇಕು?

ಮಿಷಿಗನ್‌ನಲ್ಲಿ ಮನೆ ಮಾರಲು ಆನ್‌ಲೈನ್ ಜಾಹೀರಾತು ಹಾಕುವ ನಮ್ಮವರಿಗೆ ನಾನು ಮೊದಲು ಹೇಳುವುದು ಇಷ್ಟೇ: ನೀವು ಈಗ ಕಟ್ಟುತ್ತಿರುವ ಆಸ್ತಿ ತೆರಿಗೆಯನ್ನು ಮಾತ್ರ ಬರೆದು ಬಿಡಬೇಡಿ. ಕೊಳ್ಳುವವರು ಕಟ್ಟುವುದು ಅದನ್ನಲ್ಲ.

1994ರಲ್ಲಿ ರಾಜ್ಯದ ಮತದಾರರು ಒಪ್ಪಿದ ಪ್ರೊಪೋಸಲ್ ಎ ಎಂಬ ತೆರಿಗೆ ತಿದ್ದುಪಡಿಯ ಪ್ರಕಾರ, ಮನೆ ನಿಮ್ಮ ಹೆಸರಿನಲ್ಲಿರುವ ತನಕ ಅದರ ಟ್ಯಾಕ್ಸಬಲ್ ವ್ಯಾಲ್ಯೂ (ತೆರಿಗೆ ಲೆಕ್ಕ ಹಾಕುವ ಮೌಲ್ಯ) ವರ್ಷಕ್ಕೆ ಹಣದುಬ್ಬರದಷ್ಟು ಅಥವಾ ಶೇ. 5ರಷ್ಟು, ಯಾವುದು ಕಡಿಮೆಯೋ ಅಷ್ಟೇ ಏರುತ್ತದೆ. ಹೊಸ ಕೋಣೆ ಕಟ್ಟಿಸಿದ್ದರೆ ಮಾತು ಬೇರೆ. ಮಾರಿದ ಮರುವರ್ಷ ಈ ಮಿತಿ ತೆಗೆದುಹಾಕಿ, ಟ್ಯಾಕ್ಸಬಲ್ ವ್ಯಾಲ್ಯೂವನ್ನು ಎಸ್‌ಇವಿಗೆ (ಸ್ಟೇಟ್ ಈಕ್ವಲೈಸ್ಡ್ ವ್ಯಾಲ್ಯೂ, ಅಂದರೆ ಸರ್ಕಾರ ಗೊತ್ತುಮಾಡಿದ ಮನೆಯ ಮೌಲ್ಯ) ಸಮ ಮಾಡುತ್ತಾರೆ. ತುಂಬಾ ವರ್ಷದಿಂದ ಒಂದೇ ಮನೆಯಲ್ಲಿದ್ದವರ ಬಿಲ್ ನಂಬಿ ಕೊಂಡವರಿಗೆ ಇಲ್ಲೇ ಪೆಟ್ಟು ಬೀಳುವುದು. ಎಸ್ಕ್ರೊದಲ್ಲಿ (ತೆರಿಗೆ ಕಟ್ಟಲು ಬ್ಯಾಂಕು ಕಂತಿನ ಜೊತೆ ಕೂಡಿಡುವ ಖಾತೆ) ಹಣ ಸಾಲದು ಎಂದು ಬ್ಯಾಂಕು ತಿಂಗಳ ಕಂತು ಏರಿಸುತ್ತದೆ. ಹೊಸದಾಗಿ ಸಾಲ ಮಾಡಿದ ಕುಟುಂಬಕ್ಕೆ ಅದು ಸಣ್ಣ ಹೊರೆಯಲ್ಲ.

ಲೆಕ್ಕ ಸುಲಭ. ಅಸೆಸರ್ (ಆಸ್ತಿಯ ಮೌಲ್ಯ ಗೊತ್ತುಮಾಡುವ ಅಧಿಕಾರಿ) ಕಚೇರಿಯಿಂದ ಪ್ರತಿ ವರ್ಷ ಬರುವ ನೋಟಿಸ್ ತೆಗೆಯಿರಿ. ಅದರಲ್ಲಿ ಎಸ್‌ಇವಿ ಇರುತ್ತದೆ. ಅದು ಮಾರುಕಟ್ಟೆ ಬೆಲೆಯ ಸುಮಾರು ಅರ್ಧ. ಹಾಗಂತ ನೀವು ಕೇಳುತ್ತಿರುವ ಬೆಲೆಯನ್ನು ಅರ್ಧ ಮಾಡಿ ಹಾಕಬೇಡಿ. ಅಸೆಸರ್ ಗೊತ್ತುಮಾಡಿದ ಅಂಕಿಯೇ ಬೇಕು. ಅದನ್ನು 1,000ದಿಂದ ಭಾಗಿಸಿ ನಿಮ್ಮ ಊರಿನ ಮಿಲ್ ದರದಿಂದ (ಸಾವಿರ ಡಾಲರ್ ಮೌಲ್ಯಕ್ಕೆ ಎಷ್ಟು ಡಾಲರ್ ತೆರಿಗೆ ಎಂಬುದು) ಗುಣಿಸಿ. ಬೇಸಿಗೆ ಮತ್ತು ಚಳಿಗಾಲದ ಎರಡೂ ಬಿಲ್‌ಗಳ ದರ ಕೂಡಿಸಲು ಮರೆಯಬೇಡಿ.

ಒಂದು ಉದಾಹರಣೆ. ಟ್ಯಾಕ್ಸಬಲ್ ವ್ಯಾಲ್ಯೂ 95,000 ಡಾಲರ್, ಎಸ್‌ಇವಿ 1,80,000, ಒಟ್ಟು ದರ 40 ಮಿಲ್ ಎಂದುಕೊಳ್ಳಿ. ನೀವು ಕಟ್ಟುವುದು 3,800 ಡಾಲರ್. ಕೊಳ್ಳುವವರಿಗೆ 7,200. ಹತ್ತಿರ ಹತ್ತಿರ ಎರಡರಷ್ಟು! ಇದನ್ನು ಮುಚ್ಚಿಡುವುದು ಸರಿಯಲ್ಲ, ಅಲ್ವಾ?

ಇನ್ನೊಂದು ವಿಷಯ. ಈ ದರ ಸ್ವಂತ ವಾಸಕ್ಕೆ ಮಾತ್ರ. ಕೊಂಡವರು ಬಾಡಿಗೆಗೆ ಕೊಟ್ಟರೆ ಶಾಲೆಗಳ ಖರ್ಚಿನ ತೆರಿಗೆ, ಸಾಮಾನ್ಯವಾಗಿ 18 ಮಿಲ್, ಜಾಸ್ತಿ ಬೀಳುತ್ತದೆ. ಅಂದರೆ ಇದೇ ಮನೆಗೆ 10,440 ಡಾಲರ್. ರಸ್ತೆ, ಒಳಚರಂಡಿಯ ವಿಶೇಷ ಶುಲ್ಕ ಬಾಕಿಯಿದ್ದರೆ ಅದನ್ನು ಬೇರೆ ಸಾಲಿನಲ್ಲಿ ಹಾಕಿ.

ಜಾಹೀರಾತಿನಲ್ಲಿ ನಾನು ಬರೆಸುವುದು ಹೀಗೆ: "ಈಗಿನ ಮಾಲೀಕರ ತೆರಿಗೆ 3,800 ಡಾಲರ್. ಮಾರಾಟದ ಮರುವರ್ಷ ಅಂದಾಜು 7,200 ಡಾಲರ್, ಸ್ವಂತ ವಾಸಕ್ಕೆ. ಈ ವರ್ಷದ ಎಸ್‌ಇವಿ ಮತ್ತು ಮಿಲ್ ದರದ ಮೇಲೆ ಲೆಕ್ಕ ಹಾಕಿದ್ದು, ಮುಂದೆ ಬದಲಾಗಬಹುದು." ಹಾಕುವ ಮೊದಲು ರಾಜ್ಯದ ಖಜಾನೆ ಇಲಾಖೆಯ ಆನ್‌ಲೈನ್ ತೆರಿಗೆ ಅಂದಾಜಿನಲ್ಲಿ ನಿಮ್ಮ ಅಂಕಿಯನ್ನು ತಾಳೆ ನೋಡಿ.